ಡಿಕ್ಕಿಯಲ್ಲಿ ಮರಳು ಮೂಟೆ ಹೇರಿಕೊಂಡು ಮಂಜಿಗೆ ಇಳಿಯಬೇಡಿ

"ಚಳಿಗಾಲಕ್ಕೆ ಡಿಕ್ಕಿಯಲ್ಲಿ ಎರಡು ಮರಳು ಮೂಟೆ ಹಾಕ್ಕೊಳ್ಳಿ, ಗಾಡಿ ರಸ್ತೆಗೆ ಕಚ್ಚಿಕೊಂಡು ಹೋಗುತ್ತೆ" ಅಂತ ಯಾರಾದರೂ ಹೇಳಿದರೆ ಕೈಮುಗಿದು ಕಳಿಸಿಬಿಡಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ಬೆಳಗಿನ ಜಾವ ಓಡಾಡುವವರಿಗಂತೂ ಇದನ್ನು ಒತ್ತಿ ಹೇಳುತ್ತಿದ್ದೇನೆ.

ನಮಗೆ ಈ ಸಲಹೆ ಬಂದದ್ದು ಷಡ್ಡಕರಿಂದ. ಕೆನಡಾದಲ್ಲಿ ಇದ್ದು ಬಂದವರು. ಅಲ್ಲಿ ಹಿಮ ಬಿದ್ದಾಗ ಪಿಕಪ್ ಇಟ್ಟುಕೊಂಡವರು ಹಿಂದೆ ಮರಳು ಚೀಲ ಹೇರುವುದು ನಿಜ. ಖಾಲಿ ಪಿಕಪ್ಪಿನ ಹಿಂಭಾಗ ಹಗುರ, ಎಂಜಿನ್ ತಿರುಗಿಸುವುದು ಹಿಂದಿನ ಚಕ್ರವನ್ನು, ಮೇಲೆ ಭಾರ ಇಲ್ಲದಿದ್ದರೆ ಆ ಚಕ್ರ ಹಿಮದಲ್ಲಿ ಸುಮ್ಮನೆ ಸುತ್ತುತ್ತದೆ. ಇಲ್ಲಿ ಅವರು ಓಡಿಸುತ್ತಿದ್ದದ್ದು ಹ್ಯಾಚ್‌ಬ್ಯಾಕ್. ನಮ್ಮಲ್ಲಿ ಓಡಾಡುವ ಬಹುಪಾಲು ಸಣ್ಣ ಕಾರುಗಳ ಹಾಗೆ ಮುಂದಿನ ಚಕ್ರ ಎಳೆಯುವ ಗಾಡಿ. ಡಿಕ್ಕಿಯಲ್ಲಿ 50 ಕೆಜಿಯ ಎರಡು ಸಿಮೆಂಟ್ ಚೀಲಗಳ ತುಂಬ ಎಂ-ಸ್ಯಾಂಡ್. ಕಟ್ಟಿರಲಿಲ್ಲ.

ಡಿಸೆಂಬರ್, ಇನ್ನೂ ಬೆಳಕು ಹರಿದಿರಲಿಲ್ಲ. ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟದ ಕಡೆ ಹೊರಟಿದ್ದೆವು. ಎದುರು ಬಂದವರೆಲ್ಲ ಲೈಟು ಮಿನುಗಿಸಿ ಬೈದುಕೊಂಡೇ ಹೋಗುತ್ತಿದ್ದರು. ಷಡ್ಡಕರು "ಡಿಮ್ಮಲ್ಲೇ ಇದೆಯಲ್ಲ!" ಅಂತ ರೇಗುತ್ತಿದ್ದರು. ಡಿಮ್ಮಲ್ಲೇ ಇತ್ತು, ಸುಳ್ಳಲ್ಲ. ಆದರೆ ಹಿಂಭಾಗ ಕುಸಿದು ಮೂತಿ ಎದ್ದಿತ್ತು, ಅದರ ಜೊತೆ ಹೆಡ್‌ಲೈಟೂ ಮೇಲೆದ್ದಿತ್ತು. ಮಂಜು ದಟ್ಟವಾಗುತ್ತಿದ್ದಂತೆ ಆ ಬೆಳಕೆಲ್ಲ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್. ಬಾನೆಟ್ಟಿನ ಮುಂದೆ ಸುಣ್ಣ ಬಳಿದ ಗೋಡೆ ನಿಲ್ಲಿಸಿದ ಹಾಗಿತ್ತು. ರಸ್ತೆಯಂಚಿನ ಬಿಳಿ ಗೆರೆಯೂ ಕಾಣುತ್ತಿರಲಿಲ್ಲ.

ಆ ಬಿಳುಪಿನೊಳಗಿಂದ ಹಿಪ್ಪುನೇರಳೆ ಸೊಪ್ಪು ತುಂಬಿದ ಟ್ರಾಕ್ಟರ್ ಟ್ರೈಲರ್ ಎದ್ದು ಬಂತು. ಹಿಂದೆ ರಿಫ್ಲೆಕ್ಟರೂ ಇಲ್ಲ, ದೀಪವೂ ಇಲ್ಲ. ಬ್ರೇಕ್ ತುಳಿದರು, ಎಡಕ್ಕೆ ಎಳೆದರು. ಗಾಡಿ ನಿಧಾನವಾಯಿತು, ಮೂಟೆಗಳು ಆಗಲಿಲ್ಲ. ದಡಾರನೆ ಬಂದು ಹಿಂದಿನ ಸೀಟಿನ ಬೆನ್ನಿಗೆ ಗುದ್ದಿದವು, ಒಂದು ಬದಿಯ ಕೊಂಡಿ ಕಿತ್ತು ಸೀಟೇ ನನ್ನ ಹೆಂಡತಿಯ ಮೇಲೆ ಮಗುಚಿತು. ಒಂದು ಚೀಲ ಒಡೆದು ತಲೆಕೂದಲಿನವರೆಗೂ ಮರಳು. ಬೆಲ್ಟ್ ಹಾಕಿದ್ದಳು, ಬದುಕಿದಳು. ಸಂಕ್ರಾಂತಿ ಕಳೆದರೂ ಸೊಂಟದ ನೋವು ಹೋಗಲಿಲ್ಲ.

ಕಾರು ಇಳಿದದ್ದು ತೋಟದ ಪಕ್ಕದ ಕೆಸರಿಗೆ. ರಿವರ್ಸ್ ಹಾಕಿದರೆ ಮುಂದಿನ ಚಕ್ರ ಗಿರ್ರನೆ ತಿರುಗುತ್ತದೆ, ಗಾಡಿ ಅಲ್ಲಾಡುವುದಿಲ್ಲ. ಯಾವ ಹಿಡಿತಕ್ಕೆಂದು ಮೂಟೆ ಹೇರಿದ್ದರೋ ಅದೇ ಇಲ್ಲ. ಟ್ರಾಕ್ಟರಿನವನು ಓಡಿಬಂದು ಡಿಕ್ಕಿ ನೋಡಿ, "ಮುಂದಿನ ಚಕ್ರ ಎಳ್ಯೋ ಗಾಡಿಗೆ ಹಿಂದೆ ಯಾಕ್ ಸ್ವಾಮಿ ಹೇರಿದ್ರಿ?" ಅಂದ. (ದೀಪವಿಲ್ಲದ ಟ್ರೈಲರ್ ಓಡಿಸುವವನ ಬಾಯಲ್ಲಿ ಬುದ್ಧಿ ಕೇಳಬೇಕಾಯಿತು.) ಮೂಟೆ ಇಳಿಸಿ, ಒಡೆದ ಚೀಲದ ಮರಳನ್ನು ಮುಂದಿನ ಚಕ್ರಗಳಡಿ ಸುರಿದ ಮೇಲೆ ಕಾರು ಎದ್ದಿತು. ಮರಳಿನಿಂದ ಆದ ಉಪಕಾರ ಅದೊಂದೇ.

ಲೆಕ್ಕ ಸುಲಭ. ಹಿಂದಿನ ಆಕ್ಸಲ್‌ಗಿಂತ ಅರ್ಧ ಮೀಟರ್ ಹಿಂದೆ 100 ಕೆಜಿ ಇಟ್ಟರೆ, 2.45 ಮೀಟರ್ ವ್ಹೀಲ್‌ಬೇಸಿನ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ) ಕಾರಿನಲ್ಲಿ ಹಿಂದಿನ ಚಕ್ರಗಳ ಮೇಲೆ ಸುಮಾರು 120 ಕೆಜಿ ಹೆಚ್ಚುತ್ತದೆ, ಮುಂದಿನವುಗಳ ಮೇಲಿಂದ 20 ಕೆಜಿ ಕಡಿಮೆಯಾಗುತ್ತದೆ. ಎಳೆಯುವುದೂ ತಿರುಗಿಸುವುದೂ ಆ ಮುಂದಿನ ಚಕ್ರಗಳೇ. ಮೇಲಾಗಿ ನಮ್ಮ ಚಳಿಗಾಲದಲ್ಲಿ ಹಿಮ ಎಲ್ಲಿದೆ? ಇರುವುದು ಮಂಜು. ಮಂಜಿನಲ್ಲಿ ಬೇಕಾದದ್ದು ತಗ್ಗಿದ ಬೆಳಕು, ಕಡಿಮೆ ವೇಗ.

ಅವರೆಕಾಯಿ ಕಾಲ, ಊರಿಂದ ಮೂಟೆ ತರದೆ ಇರಲಾಗುವುದಿಲ್ಲ, ಗೊತ್ತು. ಭಾರದ್ದನ್ನು ಹಿಂದಿನ ಸೀಟಿನ ಬೆನ್ನಿಗೆ ಒತ್ತರಿಸಿ, ತಳದಲ್ಲಿಟ್ಟು, ಹಗ್ಗ ಬಿಗಿಯಿರಿ. ಸೀಟಿನ ಕೊಂಡಿ ಪೂರ್ತಿ ಕೂತಿದೆಯಾ ಅಂತ ಎಳೆದು ನೋಡಿ. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಪೂರ್ತಿ ಭಾರಕ್ಕೆ ಬೇರೆ ಗಾಳಿಯ ಅಳತೆ ಕೊಟ್ಟಿದ್ದರೆ ಅಷ್ಟು ತುಂಬಿಸಿ. ಸ್ಟೇರಿಂಗ್ ಪಕ್ಕ ದೀಪದ ಚಿತ್ರವಿರುವ, ಸೊನ್ನೆಯಿಂದ ಶುರುವಾಗುವ ಅಂಕಿಗಳ ಚಕ್ರವೊಂದು ಎಷ್ಟೋ ಕಾರುಗಳಲ್ಲಿ ಇರುತ್ತದೆ. ಅಂಕಿ ಏರಿಸಿದಷ್ಟೂ ಹೆಡ್‌ಲೈಟ್ ತಗ್ಗುತ್ತದೆ. ಷಡ್ಡಕರ ಕಾರಿನಲ್ಲೂ ಇತ್ತು, ಸೊನ್ನೆಯಲ್ಲೇ ಕೂತಿತ್ತು.

ಸೂರ್ಯೋದಯ ನೋಡಲು ನಂದಿ ಬೆಟ್ಟ ಹತ್ತುವವರು ಡಿಕ್ಕಿ ಖಾಲಿ ಮಾಡಿಯೇ ಹತ್ತಿ. ಏರಿನಲ್ಲಿ ಭಾರ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ, ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಹಿಂದೆ ಗಾಡಿಗಳ ಸಾಲು ಇರುತ್ತದೆ.