ರಾಯಚೂರಿನ ಬಿಸಿಲಿನಲ್ಲಿ ಮನೆಯ ಕೊಲೆಸ್ಟ್ರಾಲ್ ಯಂತ್ರ

ತಂದೆಯವರಿಗೆ ಮೂರು ತಿಂಗಳಿಗೊಮ್ಮೆ ಕೊಲೆಸ್ಟ್ರಾಲ್ ಪರೀಕ್ಷೆ ಆಗಬೇಕು. ಪ್ರತಿ ಸಲವೂ ಅವರು ಖಾಲಿ ಹೊಟ್ಟೆಯಲ್ಲಿ ಲ್ಯಾಬಿನ ಮುಂದೆ ಸರದಿ ಕಾಯುವುದು ತಪ್ಪಲೆಂದು ಕಳೆದ ನವೆಂಬರ್‌ನಲ್ಲಿ ಅಂಗೈಯಗಲದ ಯಂತ್ರವೊಂದನ್ನು ತರಿಸಿದೆವು. ನೋಡಲು ಶುಗರ್ ಮಷಿನ್‌ನಂತೆಯೇ ಇದ್ದರೂ ಇದಕ್ಕೆ ರಕ್ತ ಹೆಚ್ಚು ಬೇಕು, ಫಲಿತಾಂಶಕ್ಕೆ ಸುಮಾರು ಎರಡು ನಿಮಿಷ ಕಾಯಬೇಕು, ಸ್ಟ್ರಿಪ್‌ಗಳೂ ದುಬಾರಿ.

ಇದರ ನಿಖರತೆಯನ್ನು ತಿಳಿಯಲು ಜನವರಿಯ ಒಂದು ಬೆಳಿಗ್ಗೆ, ತಂದೆಯವರು ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದ ಅರ್ಧ ಗಂಟೆಯೊಳಗೆ, ಇನ್ನೂ ಏನನ್ನೂ ತಿನ್ನುವ ಮೊದಲೇ ಮನೆಯಲ್ಲಿ ಬೆರಳು ಚುಚ್ಚಿ ನೋಡಿದೆವು. ಲ್ಯಾಬಿನ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲ್ ಡೆಸಿಲೀಟರಿಗೆ 212 ಮಿಲಿಗ್ರಾಂ, ಯಂತ್ರದಲ್ಲಿ 198. ‘ಒಳ್ಳೆಯ’ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಅಲ್ಲಿ 44, ಇಲ್ಲಿ 36. ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಅಲ್ಲಿ 160, ಇಲ್ಲಿ 182. ಅಮೆರಿಕದ ರಾಷ್ಟ್ರೀಯ ಕೊಲೆಸ್ಟ್ರಾಲ್ ಶಿಕ್ಷಣ ಕಾರ್ಯಕ್ರಮದ ಮಾನದಂಡವು ಇವುಗಳಲ್ಲಿ ಕ್ರಮವಾಗಿ ಸುಮಾರು ಶೇ. 9, 13 ಮತ್ತು 15ರಷ್ಟು ದೋಷವನ್ನು ಒಪ್ಪುತ್ತದೆ. ಆ ಲೆಕ್ಕದಲ್ಲಿ ಒಟ್ಟು ಕೊಲೆಸ್ಟ್ರಾಲ್ ಸುಲಭವಾಗಿ, ಟ್ರೈಗ್ಲಿಸರೈಡ್ ಕೂದಲೆಳೆಯಲ್ಲಿ ಪಾರಾದವು. ಎಚ್‌ಡಿಎಲ್ ಮಾತ್ರ ಶೇ. 18ರಷ್ಟು ತಪ್ಪಿತ್ತು.

ವಿಚಿತ್ರವೆಂದರೆ, ವೈದ್ಯರು ಮೊದಲು ನೋಡುವ ‘ಕೆಟ್ಟ’ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್ ಅಷ್ಟೊಂದು ಕೆಡಲಿಲ್ಲ: ಲ್ಯಾಬಿನಲ್ಲಿ 136, ಯಂತ್ರದಲ್ಲಿ 126. ಯಂತ್ರವು ಎಲ್‌ಡಿಎಲ್ ಅನ್ನು ಅಳೆಯುವುದೇ ಇಲ್ಲ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುವ, 1972ರ ಫ್ರೀಡ್‌ವಾಲ್ಡ್ ಸೂತ್ರದಿಂದ ಲೆಕ್ಕ ಹಾಕುತ್ತದೆ. ಎಚ್‌ಡಿಎಲ್ ತಗ್ಗಿದ್ದರಿಂದ ಏರಬೇಕಿದ್ದ ಎಲ್‌ಡಿಎಲ್ ಅನ್ನು ಉಳಿದೆರಡು ತಪ್ಪುಗಳು ಕೆಳಗೆಳೆದವು. ಹೀಗೆ ತಪ್ಪಿಗೆ ತಪ್ಪು ವಜಾ ಆಗಿ ಬಂದ ಸಂಖ್ಯೆಯನ್ನು ನಿಖರವೆಂದು ಹೇಗೆ ನಂಬುವುದು? ಟ್ರೈಗ್ಲಿಸರೈಡ್ 400 ದಾಟಿದರಂತೂ ಈ ಸೂತ್ರ ನಡೆಯುವುದೇ ಇಲ್ಲ.

ಎಲ್ಲ ದೋಷವನ್ನೂ ಯಂತ್ರದ ತಲೆಗೆ ಕಟ್ಟಲಾರೆ. ಹನಿ ಸಾಲದೆಂದು ನಾನು ಬೆರಳನ್ನು ಹಿಂಡಿದ್ದೆ. ಹಾಗೆ ಹಿಂಡಿದರೆ ಅಂಗಾಂಶದ ದ್ರವ ಬೆರೆತು ರಕ್ತ ತೆಳುವಾಗುತ್ತದೆ. ಚಳಿಗಾಲದಲ್ಲಿ ಕೈಗೆ ಹಚ್ಚುವ ಗ್ಲಿಸರಿನ್ ಕ್ರೀಮ್ ಬೆರಳಿನಲ್ಲಿ ಉಳಿದಿದ್ದರೆ ಟ್ರೈಗ್ಲಿಸರೈಡ್ ಸುಳ್ಳಾಗಿ ಏರುತ್ತದೆ, ಏಕೆಂದರೆ ಸ್ಟ್ರಿಪ್‌ನ ರಸಾಯನವು ಹಿಡಿಯುವುದೇ ಗ್ಲಿಸರಾಲನ್ನು, ಅಂದರೆ ಗ್ಲಿಸರಿನ್ ಅನ್ನೇ. ಅಲ್ಲದೆ, ಒಬ್ಬರ ಕೊಲೆಸ್ಟ್ರಾಲ್ ಸಹಜವಾಗಿಯೇ ದಿನದಿಂದ ದಿನಕ್ಕೆ ಶೇ. 5ರಿಂದ 10ರಷ್ಟು ಏರಿಳಿಯುವುದರಿಂದ, ಒಂದು ತಿಂಗಳ 212 ಮರುತಿಂಗಳು 198 ಆಯಿತೆಂದು ಪಥ್ಯ ಫಲಿಸಿತೆನ್ನುವಂತಿಲ್ಲ.

ನಮ್ಮೂರಿಗೆ ಹೊಂದದ ಸಂಗತಿ ಇನ್ನೊಂದಿದೆ. ಇದು 20ರಿಂದ 27 ಡಿಗ್ರಿ ಸೆಲ್ಸಿಯಸ್‌ನೊಳಗೆ ಕೆಲಸ ಮಾಡಬೇಕೆಂದು ಕೈಪಿಡಿಯಲ್ಲಿದೆ. ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ದಾಟುತ್ತದೆ. ಏಪ್ರಿಲ್‌ನಲ್ಲಿ ಬೆಳಗಿನ ಏಳಕ್ಕೇ ಪರದೆಯ ಮೇಲೆ ತಾಪಮಾನದ ಎಚ್ಚರಿಕೆ ಬಂತು. ಕೂಲರ್ ಹಚ್ಚಿ ಕೋಣೆ ತಣಿಸೋಣವೆಂದರೆ ಅದರ ತೇವ ಸ್ಟ್ರಿಪ್‌ಗಳಿಗೆ ಆಗದು. ಒತ್ತಾಯಿಸಿ ಅಳೆಯುವ ಬದಲು ಎಚ್ಚರಿಸಿ ನಿಲ್ಲುವುದು ಈ ಯಂತ್ರದಲ್ಲಿ ನಾನು ಮೆಚ್ಚಿದ ಗುಣ.

ಎಸಿ ಇಲ್ಲದ ಮನೆಯವರಿಗೆ ಇದನ್ನು ಕೊಳ್ಳಿರೆಂದು ಹೇಳಲಾರೆ. ನಾವು ನವೆಂಬರ್‌ನಿಂದ ಫೆಬ್ರವರಿಯವರೆಗೆ, ಅದೂ ಒಟ್ಟು ಕೊಲೆಸ್ಟ್ರಾಲ್‌ನ ಅಂದಾಜಿಗಷ್ಟೇ ಬಳಸಲು ನಿರ್ಧರಿಸಿದ್ದೇವೆ. ತಂದೆಯವರ ಮಾತ್ರೆಯ ಪ್ರಮಾಣ ಮೊದಲಿನಂತೆಯೇ ಲ್ಯಾಬಿನ ವರದಿಯ ಮೇಲೆ ನಿಂತಿದೆ.