ಕಥೆಯ ನೌಕೆಗೆ ವಾರ್ಪ್ ಬೇಕೋ, ಫ್ಯೂಷನ್ ಸಾಕೋ?

ನಿಮ್ಮ ಕಥೆ ಒಂದೇ ಅಧ್ಯಾಯದಲ್ಲಿ ನಾಲ್ಕು ನಕ್ಷತ್ರ ಸುತ್ತಬೇಕಿದ್ದರೆ ವಾರ್ಪ್, ಅಂದರೆ ದೇಶಕಾಲವನ್ನೇ ಬಾಗಿಸಿ ಬೆಳಕಿಗಿಂತ ವೇಗವಾಗಿ ಸಾಗುವ ಉಪಾಯ, ಬಿಟ್ಟರೆ ದಾರಿಯಿಲ್ಲ. 1994ರಲ್ಲಿ ಭೌತವಿಜ್ಞಾನಿ ಮಿಗೆಲ್ ಅಲ್ಕುಬಿಯೆರೆ ಇದಕ್ಕೆ ಗಣಿತ ಕೊಟ್ಟರು: ನೌಕೆಯ ಮುಂದೆ ದೇಶಕಾಲ ಕುಗ್ಗುತ್ತದೆ, ಹಿಂದೆ ಹಿಗ್ಗುತ್ತದೆ, ನಡುವಿನ ಗುಳ್ಳೆಯಲ್ಲಿ ನೌಕೆ ಸಾಗುತ್ತದೆ. ಅದಕ್ಕೆ ಬೇಕಾದಷ್ಟು ಋಣಶಕ್ತಿ (ಸೊನ್ನೆಗಿಂತ ಕಡಿಮೆಯ ಶಕ್ತಿ) ಎಲ್ಲೂ ಸಿಕ್ಕಿಲ್ಲ. ಇನ್ನೂ ದೊಡ್ಡ ತೊಡಕೆಂದರೆ, ಬೆಳಕನ್ನು ಮೀರಿದ ಮೇಲೆ ಒಳಗಿನ ಸಂಕೇತ ಗುಳ್ಳೆಯ ಮುಂದಿನ ಗೋಡೆಯನ್ನು ಮುಟ್ಟುವುದಿಲ್ಲ. ಕ್ಯಾಪ್ಟನ್ ಗುಂಡಿ ಒತ್ತಿದರೂ ಗುಳ್ಳೆ ನಿಲ್ಲದು.

ನನ್ನ ಆಯ್ಕೆ ಫ್ಯೂಷನ್, ಅಂದರೆ ಹಗುರ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವುದು. ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿ 1973–78ರಲ್ಲಿ ರೂಪಿಸಿದ ಡೇಡಲಸ್ ವಿನ್ಯಾಸವೇ ಮುಂದಿದೆ, ಮಾನವರಹಿತ ನೌಕೆ. ಸುಮಾರು 54,000 ಟನ್ ತೂಕದಲ್ಲಿ 50,000 ಟನ್ ಇಂಧನವೇ! ಡ್ಯೂಟೀರಿಯಂ (ಭಾರ ಹೈಡ್ರೋಜನ್), ಹೀಲಿಯಂ-3 (ಹಗುರ ಹೀಲಿಯಂ) ತುಂಬಿದ ಗುಳಿಗೆಗಳು ಸೆಕೆಂಡಿಗೆ 250ರಂತೆ ಎಂಜಿನ್ನಿಗೆ ಬೀಳುತ್ತವೆ. ಎಲೆಕ್ಟ್ರಾನ್ ಕಿರಣ ಬಡಿದಾಗ ಒಂದೊಂದೂ ಸಿಡಿಯುತ್ತದೆ, ಕಾಂತಕ್ಷೇತ್ರ ಆ ಸಿಡಿತವನ್ನು ಹಿಂದಕ್ಕೆ ತಳ್ಳುತ್ತದೆ. ವೇಗ ಬೆಳಕಿನ ಶೇ. 12. ಸುಮಾರು ಆರು ಬೆಳಕಿನ ವರ್ಷ ದೂರದ ಬರ್ನಾರ್ಡ್ ನಕ್ಷತ್ರಕ್ಕೆ ಸುಮಾರು 50 ವರ್ಷ.

ಆದರೆ ಬ್ರೇಕಿಗೆ ಇಂಧನ ಉಳಿಯುವುದಿಲ್ಲ. ಅಲ್ಲಿ ಭೂಮಿ–ಸೂರ್ಯರ ನಡುವಿನಷ್ಟು ದೂರವನ್ನು 70 ನಿಮಿಷದಲ್ಲಿ ದಾಟಿ ಹೋಗಿಬಿಡುತ್ತದೆ. ಆ ವೇಗದಲ್ಲಿ ಧೂಳಿನ ಕಣವೂ ಗುಂಡೇ. ಅದಕ್ಕೆಂದೇ ಮುಂದೆ 7 ಮಿ.ಮೀ. ದಪ್ಪದ ಬೆರಿಲಿಯಂ ತಟ್ಟೆ. ಪಾತ್ರಗಳು ಇಳಿಯಲೇಬೇಕಿದ್ದರೆ ಬ್ರೇಕಿಗೆ ಇಂಧನ ಉಳಿಯುವಂತೆ ವೇಗವನ್ನು ಅರ್ಧಕ್ಕಿಳಿಸಿ, ಪ್ರಯಾಣಕ್ಕೆ ನೂರು ವರ್ಷ ಕೊಡಿ.