ಮೇವಿನ ಹುಲ್ಲಿಗೆ ಯೂರಿಯಾ: ಹುಲ್ಲೂ ಹೆಚ್ಚು, ಹುಳವೂ ಹೆಚ್ಚು (ಐದಕ್ಕೆ ನಾಲ್ಕು ಸ್ಟಾರ್)

ವರ್ಷಗಳಿಂದ ಮೇವಿನ ಹುಲ್ಲಿಗೆ ಯೂರಿಯಾ ಹಾಕುತ್ತಾ ಬಂದಿದ್ದೇನೆ. ಇಳುವರಿ ಬಗ್ಗೆ ತಕರಾರಿಲ್ಲ. ಶೇ 46ರಷ್ಟು ಸಾರಜನಕ ಇರುವ ಗೊಬ್ಬರ, ಮಣ್ಣಲ್ಲಿ ಹದ ಇದ್ದರೆ ಹುಲ್ಲಿನ ಬಣ್ಣ ತಿರುಗಲು ಹೆಚ್ಚು ದಿನ ಬೇಡ. ಆದರೆ ಹುಳದ ವಿಷಯ ಯಾರೂ ಮೊದಲೇ ಹೇಳುವುದಿಲ್ಲ.

ಕಟಾವಾದ ಮೇಲೆ ಪೂರ್ತಿ ಗೊಬ್ಬರವನ್ನು ಒಂದೇ ಸಲ ಎರಚಿದ ಜಾಗವನ್ನೂ ಗೊಬ್ಬರ ಬೀಳದ ಅಂಚನ್ನೂ ಹೋಲಿಸಿ ನೋಡಿ. ಕಡುಹಸಿರು ಹುಲ್ಲಿನ ಎಲೆ ಮಗುಚಿದರೆ ಸಸ್ಯಹೇನು, ಕೈಯಾಡಿಸಿದರೆ ಜಿಗಿಹುಳ. ಅಂಚಿನ ತಿಳಿ ಹಳದಿ ಹುಲ್ಲಲ್ಲಿ ಅಲ್ಲೊಂದು ಇಲ್ಲೊಂದು. ಬೇರು ಹೀರಿದ ಸಾರಜನಕವೆಲ್ಲ ತಕ್ಷಣ ಪ್ರೋಟೀನ್ ಆಗುವುದಿಲ್ಲ, ಒಂದಷ್ಟು ಅಮೈನೋ ಆಮ್ಲವಾಗಿ ರಸದಲ್ಲೇ ಉಳಿಯುತ್ತದೆ. ರಸ ಹೀರುವ ಕೀಟಕ್ಕೆ ಸಕ್ಕರೆ ಬೇಕಾದಷ್ಟಿದೆ, ಕೊರತೆ ಇರುವುದೇ ಸಾರಜನಕಕ್ಕೆ.

ಲದ್ದಿ ಹುಳವೂ ಅಷ್ಟೇ. ಸುಳಿ ಬಿಡಿಸಿದರೆ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ, ಅದರ ಕೆಳಗೆ ತಲೆಯ ಮೇಲೆ ತಲೆಕೆಳಗಾದ 'ವೈ' ಗುರುತಿನ ಹುಳ. ಮೆತ್ತಗಿನ, ಸಾರಜನಕ ತುಂಬಿದ ಎಲೆ ತಿಂದ ಮರಿ ಬೇಗ ಬಲಿಯುತ್ತದೆ.

ಹಾಗಂತ ಗೊಬ್ಬರ ಹಾಕದಿದ್ದರೆ ಕೀಟವೇ ಇರುವುದಿಲ್ಲ ಎನ್ನುವ ವಾದವನ್ನೂ ನಾನು ಒಪ್ಪುವುದಿಲ್ಲ. ಚೀನಾದ ಒಳ ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಲ್ಲಿನ ಒಂದು ಜಾತಿಯ ಮಿಡತೆ ಚೆನ್ನಾಗಿ ಬೆಳೆದದ್ದು ಅತಿಯಾಗಿ ಮೇಯಿಸಿ ಸಾರಜನಕ ಕಡಿಮೆಯಾದ ಹುಲ್ಲಿನ ಮೇಲೆ! ಎಲ್ಲ ಹುಳದ ಹೊಟ್ಟೆಯೂ ಒಂದೇ ಅಲ್ಲ. ಇನ್ನೊಂದು ಮಾತು: ಗೊಬ್ಬರ ಕಂಡ ಹುಲ್ಲು ಹುಳ ತಿಂದ ಮೇಲೂ ಬೇಗ ಚಿಗುರಿಕೊಳ್ಳುತ್ತದೆ. ಹುಳದ ಸಂಖ್ಯೆ ನೋಡಿ ಗಾಬರಿಯಾಗುವ ಮುಂಚೆ ಮೇವು ಎಷ್ಟು ಹೋಯಿತು ಅಂತ ನೋಡಬೇಕು.

ನಾನು ಈಗ ಯೂರಿಯಾವನ್ನು ಕಂತು ಮಾಡಿ, ಪ್ರತಿ ಕಟಾವಿನ ನಂತರ ಸ್ವಲ್ಪ ಸ್ವಲ್ಪ ಕೊಡುತ್ತೇನೆ, ಜೊತೆಗೆ ಪೊಟ್ಯಾಷ್. ಪೊಟ್ಯಾಷ್ ಸಾಕಷ್ಟಿದ್ದರೆ ರಸದಲ್ಲಿ ಅಮೈನೋ ಆಮ್ಲ ಕಟ್ಟಿಕೊಳ್ಳುವುದು ಕಡಿಮೆ. ಮರಿಹುಳ ಕಂಡರೆ ಔಷಧಿ ಡಬ್ಬಿಗಿಂತ ಮೊದಲು ಕುಡುಗೋಲು: ಒಂದಷ್ಟು ದಿನ ಮುಂಚೆ ಕೊಯ್ದರೆ ಹುಳಕ್ಕೆ ಊಟವೂ ಇಲ್ಲ, ಮರೆಯೂ ಇಲ್ಲ. ಸಿಂಪಡಿಸಿದರೆ ಲೇಬಲ್‌ನಲ್ಲಿ ಹೇಳಿದಷ್ಟು ದಿನ ಆ ಮೇವು ಮುಟ್ಟುವಂತಿಲ್ಲ ಎನ್ನುವುದೂ ನೆನಪಿರಲಿ.

ಒಂದು ಸ್ಟಾರ್ ಕಡಿಮೆ ಕೊಟ್ಟದ್ದು ಹುಳಕ್ಕಲ್ಲ, ಬರಗಾಲಕ್ಕೆ. ಮಳೆ ಕೈಕೊಟ್ಟಾಗ ಯೂರಿಯಾ ತಿಂದ ಹುಲ್ಲಿನಲ್ಲಿ ನೈಟ್ರೇಟ್ (ಬೇರು ಹೀರುವ ಸಾರಜನಕದ ಒಂದು ರೂಪ) ಕೂಡಿಕೊಳ್ಳುತ್ತದೆ, ದನಕ್ಕೆ ಅದು ವಿಷವಾಗಬಹುದು. ಆಗ ಹುಳಕ್ಕೆ ಹೆದರಿ ಅವಸರದಲ್ಲಿ ಕೊಯ್ದು ಗೋದಲೆಗೆ ಹಾಕಬೇಡಿ.